ಮೊದಲ ಸಲ ನಾಯಿ ಸಾಕುವವರಿಗೆ: ಯಾವ ತಳಿ, ಯಾವ ಕಾಯಿಲೆಗೆ ಎಚ್ಚರ?

ಪ್ರಶ್ನೆ, ಹುಬ್ಬಳ್ಳಿಯಿಂದ: ಎಲ್ಲರಿಗೂ ನಮಸ್ಕಾರ. ಮಗಳಿಗೆ ನಾಯಿ ಬೇಕೆಂಬ ಆಸೆ ಬಹಳ ದಿನದ್ದು. ಮನೆ ಮುಂದೆ ಸಣ್ಣ ಅಂಗಳವಿದೆ, ವಯಸ್ಸಾದ ಅತ್ತೆ ಜೊತೆಗಿದ್ದಾರೆ. ಲ್ಯಾಬ್ರಡಾರ್ ತರೋಣ ಅಂತಾರೆ ಯಜಮಾನರು, ಮೈದುನನಿಗೆ ಮುಧೋಳವೇ ಆಗಬೇಕು. ನಮಗೆ ನಾಯಿ ಸಾಕಿ ಗೊತ್ತಿಲ್ಲ. ಯಾವ ತಳಿ ಹೊಂದುತ್ತದೆ, ಯಾವ ಕಾಯಿಲೆ ಹೆಚ್ಚು? ಸಾಕಿದವರು ದಯವಿಟ್ಟು ತಿಳಿಸಿ.

ಜಮಖಂಡಿಯಿಂದ: ಅಕ್ಕಾರ, ನಮ್ಮ ಮನ್ಯಾಗ ಅಪ್ಪನ ಕಾಲದಿಂದ ಮುಧೋಳ ನಾಯಿ ಅದಾವ. ಕಣ್ಣಿಂದ ಬ್ಯಾಟಿ ಹಿಡಿಯೋ ತಳಿ ಇದು. ಹೊಲದಾಗ ಮೊಲ ಎದ್ದರ ಎಷ್ಟು ಕರೆದರೂ ನಿಲ್ಲೂದಿಲ್ಲ. ದಿನಾ ಬಿಟ್ಟು ಓಡಸಾಕ ಜಾಗ ಬೇಕು. ಸಣ್ಣ ಅಂಗಳದಾಗ ಸರಪಳಿ ಹಾಕಿ ಕಟ್ಟಿದರ ಸ್ವಭಾವನ ಕೆಡತೈತಿ. ಹೊಸಬರನ್ನ ಜಲ್ದಿ ಹತ್ತಿರ ಸೇರಸೂದಿಲ್ಲ, ಮನಿಯವರ ಮ್ಯಾಲೆ ಜೀವ ಇಡತಾವ. ಮೈಯಾಗ ಕೊಬ್ಬು ಕಡಿಮಿ. ಪಕ್ಕಡಿ ಎಲುಬು ಒಂದೆರಡು ಕಾಣತಾವಂತ ಗಾಬರಿಯಾಗಿ ತುಪ್ಪ ಸುರೀಬ್ಯಾಡ್ರಿ, ಅದರ ಮೈಕಟ್ಟು ಹಂಗ. ಕೊಬ್ಬಿಲ್ಲದ್ದಕ್ಕ ಕೆಲವು ಅರವಳಿಕೆ ಔಷಧ ಇವಕ್ಕ ಜಲ್ದಿ ಇಳಿಯೂದಿಲ್ಲ, ಆಪರೇಷನ್ ಇದ್ದರ ಡಾಕ್ಟರಿಗೆ ತಳಿ ಯಾವುದಂತ ಮೊದಲ ಹೇಳ್ರಿ. ಮರಿ ಬೇಕಾದರ ಮುಧೋಳದ ಹತ್ತಿರ ತಿಮ್ಮಾಪುರದಾಗ ಬೀದರ ಪಶುವೈದ್ಯಕೀಯ ವಿಶ್ವವಿದ್ಯಾಲಯದವರ ಶ್ವಾನ ಸಂಶೋಧನಾ ಕೇಂದ್ರ ಐತಿ, ಅಲ್ಲಿ ವಿಚಾರಸ್ರಿ. ಘೋರ್ಪಡೆ ರಾಜರು ಉಳಿಸಿ ಬೆಳೆಸಿದ ತಳಿ, 2005ರಾಗ ಅಂಚೆ ಚೀಟಿ ಮ್ಯಾಲೂ ಬಂತು. ಹೆಮ್ಮಿ ನಮಗೂ ಭಾಳ ಐತ್ರಿ. ಆದರ ನೀವು ಹೇಳೂ ಮನಿಗೆ ಇದು ಬ್ಯಾಡ ಅಂತನ ಹೇಳತೀನಿ.

ಉಡುಪಿಯಿಂದ: ತಳಿ ಯಾವುದೇ ಇರಲಿ, ಉಣ್ಣಿಯಿಂದ ಬರುವ ಜ್ವರದ ಬಗ್ಗೆ ಮೊದಲು ತಿಳಿದುಕೊಳ್ಳಿ. ಟಿಕ್ ಫೀವರ್ ಅಂತ ಎಲ್ಲರೂ ಕರೆಯುವುದು ಇದನ್ನೇ. ನಮ್ಮ ಹೆಣ್ಣು ಲ್ಯಾಬ್ ಮೀನಿನ ಅನ್ನವನ್ನು ಮೂಸಿ ಹಾಗೇ ಬಿಟ್ಟಳು. ಸಂಜೆ ಗೇಟಿನ ಸದ್ದಿಗೂ ಏಳಲಿಲ್ಲ. ಮೇಲ್ತುಟಿ ಎತ್ತಿ ನೋಡಿದರೆ ಒಸಡು ಬಿಳಚಿಕೊಂಡಿತ್ತು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಇಳಿದಿತ್ತು, ಉಣ್ಣಿ ಕಚ್ಚಿ ಹರಡುವ ಎರ್ಲಿಕಿಯಾ ಎಂಬ ರೋಗಾಣು ಅಂತ ಬಂತು. ಕೆಲವು ನಾಯಿಗಳಿಗೆ ಮೂಗಿನಲ್ಲಿ ರಕ್ತ ಬರುತ್ತದೆ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ ಏಳುತ್ತದೆ. ಇದಕ್ಕೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಎರಡು ಮೂರು ದಿನಕ್ಕೇ ನಾಯಿ ಉಣ್ಣತೊಡಗುತ್ತದೆ, ಆಗ ಮಾತ್ರೆ ನಿಲ್ಲಿಸಲೇಬೇಡಿ.

ದಿನಾ ಒಂದು ಸಲ ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಬಾಲದ ಬುಡ, ಕೊರಳಪಟ್ಟಿಯ ಅಡಿ ಕೈಯಾಡಿಸಿ ನೋಡಿ. ಉಣ್ಣಿ ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಹಚ್ಚಬೇಡಿ, ಬೆರಳಲ್ಲಿ ಹಿಚುಕಬೇಡಿ. ರಕ್ತ ಕುಡಿದ ಹೆಣ್ಣು ಉಣ್ಣಿ ಉದುರಿ ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾಯಿಗಷ್ಟೇ ಔಷಧ ಹಾಕಿ ಗೂಡು, ಹಾಸಿಗೆ, ಸಂದುಗೊಂದು ಬಿಟ್ಟರೆ ಅದು ಮತ್ತೆ ಹತ್ತುವುದು ಖಂಡಿತ. ಮನೆಯಲ್ಲಿ ಬೆಕ್ಕೂ ಇದ್ದರೆ ಪರ್ಮೆತ್ರಿನ್ ಇರುವ ಔಷಧ ಬೇಡ, ಬೆಕ್ಕಿಗೆ ಅದು ವಿಷ.

ಬೆಂಗಳೂರಿನಿಂದ: ಮಗಳು ಪಗ್ ಕೇಳಿದರೆ ಯೋಚಿಸಿ ಹೂಂ ಅನ್ನಿ. ನಮ್ಮದು ಪಗ್. ಮೂಗು ಚಪ್ಪಟೆ ಇರುವುದರಿಂದ ಏದುಸಿರು ಬಿಟ್ಟರೂ ಮೈ ಬಿಸಿ ಇಳಿಯುವುದು ನಿಧಾನ. ಇಲ್ಲೇ ಏಪ್ರಿಲ್‌ನಲ್ಲಿ ಒದ್ದಾಡುತ್ತಾನೆ, ಹುಬ್ಬಳ್ಳಿ ಬಿಸಿಲು ಅದಕ್ಕಿಂತ ಜೋರು. ಹಿಮದ ನಾಡಿನ ತಳಿ ಹಸ್ಕಿಯಂತೂ ಬೇಡವೇ ಬೇಡ. ಇನ್ನೊಂದು ವಿಷಯ, ನಾಯಿಯ ಮೈ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದೇ ಸಹಜ. ಮುಟ್ಟಿದಾಗ ಬಿಸಿ ಅನಿಸಿತು ಅಂತ ಮನೆಯ ಪ್ಯಾರಸಿಟಮಾಲ್, ಐಬುಪ್ರೊಫೇನ್ ಕೊಡಬೇಡಿ, ಜೀವಕ್ಕೇ ಅಪಾಯ.

ದಾವಣಗೆರೆಯಿಂದ: ಮರಿ ತಂದರೆ ಪಾರ್ವೊ ಎಂಬ ವೈರಸ್ ಕಾಯಿಲೆ ಮರೆಯಬೇಡಿ ಮೇಡಂ. ವಾಂತಿ, ಗಬ್ಬುನಾತದ ರಕ್ತಭೇದಿ ಶುರುವಾದರೆ ಬೆಳಗಾಗಲಿ ಅಂತ ಕಾಯುವಂತಿಲ್ಲ, ಡ್ರಿಪ್ ಬೇಕಾಗುತ್ತದೆ. ಲಸಿಕೆ 6ರಿಂದ 8 ವಾರಕ್ಕೆ ಶುರು, 16 ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ. ಅಲ್ಲಿವರೆಗೆ ಬೀದಿಗೆ ಇಳಿಸಬೇಡಿ, ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ.

ಹುಬ್ಬಳ್ಳಿಯಿಂದ: ಇಷ್ಟು ಬಿಡಿಸಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಮುಧೋಳ ಬೇಡ ಅಂತ ಮೈದುನನಿಗೆ ಓದಿ ಹೇಳಿದೆ. ಹಾಗಾದರೆ ಲ್ಯಾಬ್ ಸರಿಯೇ?

ಧಾರವಾಡದಿಂದ: ಲ್ಯಾಬ್ ಗುಣದಲ್ಲಿ ಬಂಗಾರ. ಆದರೆ ಬೆಳೆದಾಗ 30 ಕೆಜಿ ಇರುತ್ತದೆ. ಖುಷಿಯಲ್ಲಿ ಮೈಮೇಲೆ ಹಾರಿದರೆ ಅತ್ತೆಯವರು ಬೀಳಬಹುದು, ಮೊದಲ ವರ್ಷವೇ ಕೂರಲು, ನಿಲ್ಲಲು ಕಲಿಸಬೇಕು. ಎಷ್ಟು ಹಾಕಿದರೂ ತಿನ್ನುತ್ತದೆ. ತೂಕ ಏರಿದರೆ ಈ ತಳಿಗೆ ಮೊದಲೇ ಇರುವ ಸೊಂಟದ ಕೀಲಿನ ತೊಂದರೆ ಜಾಸ್ತಿಯಾಗುತ್ತದೆ. ಜೋತುಬಿದ್ದ ಕಿವಿಯೊಳಗೆ ಸೋಂಕೂ ಬೇಗ, ಸ್ನಾನವಾದ ಮೇಲೆ ಒರೆಸಿ. ಕೊಳ್ಳುವ ಮುಂಚೆ ತಾಯಿ ನಾಯಿಯನ್ನು ತೋರಿಸಿ ಅನ್ನಿ. ತೋರಿಸದವರ ಹತ್ತಿರ ಮರಿ ತರಬೇಡಿ.

ನನ್ನ ಮನಸ್ಸಿನ ಮಾತು ಕೇಳಿದರೆ, ನಿಮ್ಮ ಓಣಿಯಲ್ಲೇ ಮಕ್ಕಳ ಜೊತೆ ಹೊಂದಿಕೊಂಡಿರುವ ಶಾಂತ ಸ್ವಭಾವದ, ಬೆಳೆದ ಬೀದಿ ನಾಯಿ ಇದ್ದರೆ ಅದನ್ನೇ ತನ್ನಿ. ನಮ್ಮ ಬಿಸಿಲು ಅದಕ್ಕೆ ಹೊಸದಲ್ಲ, ಗುಣವೂ ಮೊದಲೇ ಗೊತ್ತಿರುತ್ತದೆ. ಲಸಿಕೆ, ಜಂತಿನ ಔಷಧ, ಉಣ್ಣಿಯ ಔಷಧ ಮಾತ್ರ ತಪ್ಪಿಸುವಂತಿಲ್ಲ. ಹೆಣ್ಣಾದರೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿ. ಮಾಡಿಸದ ಹೆಣ್ಣುನಾಯಿ ಬೆದೆ ಮುಗಿದು ಕೆಲ ವಾರಕ್ಕೆ ಅತಿಯಾಗಿ ನೀರು ಕುಡಿದು ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಕಾಣದಿದ್ದರೂ ಅವತ್ತೇ ಡಾಕ್ಟರ ಹತ್ತಿರ ಹೋಗಿ.