‘ವಿಕಿರಣ ಸೋಂಕು’ ಸರಿಯೇ? ಎಕ್ಸ್‌ಪೋಷರ್, ಕಂಟ್ಯಾಮಿನೇಶನ್‌ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ:

ಮಾನ್ಯರೆ, ಆಸ್ಪತ್ರೆಯ ತುರ್ತು ವಿಭಾಗದ ಸಿಬ್ಬಂದಿಗಾಗಿ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ಎಕ್ಸ್‌ಪೋಷರ್, ಕಂಟ್ಯಾಮಿನೇಶನ್ ಎರಡಕ್ಕೂ ‘ವಿಕಿರಣ ಸೋಂಕು’ ಎಂದೇ ಹಾಕಿದ್ದಾರೆ. ಇದು ಸರಿಯೇ? ಬೇರೆ ಬೇರೆ ಪದ ಬೇಕಾದರೆ ಯಾವುವು? ರೇಡಿಯೇಶನ್ ಬರ್ನ್‌ಗೆ ‘ಸುಟ್ಟಗಾಯ’ ಎನ್ನಬಹುದೆ? ತಿಳಿದವರು ದಯವಿಟ್ಟು ಹೇಳಿ.

ಉತ್ತರ:

ನಮಸ್ಕಾರ. ಎರಡಕ್ಕೂ ಒಂದೇ ಪದ ಬೇಡ, ‘ಸೋಂಕು’ ಅಂತೂ ಬೇಡವೇ ಬೇಡ. ಹಳೆಯ ಕನ್ನಡದಲ್ಲಿ ಸೋಂಕು ಎಂದರೆ ತಾಗುವುದು, ಮುಟ್ಟುವುದು. ಆ ಅರ್ಥ ಹಿಡಿದು ಬಳಸಿರಬಹುದು. ಆದರೆ ಇಂದಿನ ನರ್ಸ್‌ಗಳಿಗೆ ಸೋಂಕು ಎಂದರೆ ಒಬ್ಬರಿಂದ ಒಬ್ಬರಿಗೆ ಹರಡುವಂಥದ್ದು. ಗಾಮಾ ಕಿರಣ ಮಾತ್ರ ಬಿದ್ದ ರೋಗಿಯನ್ನು ಮುಟ್ಟಲು ಹೆದರಿ ಚಿಕಿತ್ಸೆ ತಡವಾದರೆ ಅದಕ್ಕೆ ಈ ಪದವೇ ಕಾರಣವಾದೀತು.

ಕಿರಣ ಬೇರೆ, ಕಿರಣ ಸೂಸುವ ವಸ್ತು ಬೇರೆ. ಎಕ್ಸ್‌ರೇ ಅಥವಾ ಗಾಮಾ ಕಿರಣ ಮೈಯನ್ನು ಹಾಯ್ದು ಹೋದ ಮೇಲೆ ಒಳಗೆ ಕಿರಣ ಉಳಿದಿರುವುದಿಲ್ಲ, ಅದು ಮಾಡಿದ ಹಾನಿ ಮಾತ್ರ ಉಳಿಯುತ್ತದೆ. ಇದು ಎಕ್ಸ್‌ಪೋಷರ್. ಶೀರ್ಷಿಕೆಗೆ ‘ವಿಕಿರಣಕ್ಕೆ ಒಡ್ಡಿಕೆ’ ಸಾಕು, ವಾಕ್ಯದ ನಡುವೆ ‘ಮೈಮೇಲೆ ವಿಕಿರಣ ಬಿದ್ದಿದೆ’ ಎಂದರೆ ಇನ್ನೂ ಸಲೀಸು. (ನ್ಯೂಟ್ರಾನ್ ಇಲ್ಲಿ ಅಪವಾದ. ಅದು ರಕ್ತದ ಸೋಡಿಯಂನಲ್ಲಿ ಒಂದಿಷ್ಟನ್ನು ವಿಕಿರಣಶೀಲ ಸೋಡಿಯಂ-24 ಮಾಡುತ್ತದೆ. ಅದರ ಅರ್ಧಾಯು, ಅಂದರೆ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಸಮಯ, 15 ಗಂಟೆ. ಅದನ್ನು ಅಳೆದೇ ಬಿದ್ದ ಡೋಸ್ ಎಷ್ಟೆಂದು ಅಂದಾಜು ಮಾಡುತ್ತಾರೆ.)

ವಿಕಿರಣಶೀಲ ಪುಡಿಯೋ ದ್ರವವೋ ಚರ್ಮಕ್ಕೆ, ಬಟ್ಟೆಗೆ ಹತ್ತಿದರೆ, ಅಥವಾ ಉಸಿರು, ಊಟ, ಗಾಯದ ಮೂಲಕ ಒಳಹೊಕ್ಕರೆ ಅದು ಕಂಟ್ಯಾಮಿನೇಶನ್. ವಸ್ತು ಇರುವವರೆಗೂ ಕಿರಣ ಸೂಸುತ್ತಲೇ ಇರುತ್ತದೆ, ಇನ್ನೊಬ್ಬರ ಕೈಗೂ ಹತ್ತುತ್ತದೆ. ನೀರು, ಮಣ್ಣಿಗೆ ‘ಮಾಲಿನ್ಯ’ ಒಪ್ಪುತ್ತದೆ. ಮನುಷ್ಯರನ್ನು ‘ಮಲಿನರು’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ‘ವಿಕಿರಣಶೀಲ ವಸ್ತು ಅಂಟಿದೆ’, ‘ಒಳಸೇರಿದೆ’ ಎಂದು ಬಿಡಿಸಿ ಬರೆಯಿರಿ. ಎರಡೂ ಒಟ್ಟಿಗೇ ಆಗುವುದುಂಟು. 1987ರಲ್ಲಿ ಬ್ರೆಜಿಲಿನ ಗೊಯಾನಿಯಾದಲ್ಲಿ ಹಳೆಯ ಚಿಕಿತ್ಸಾಯಂತ್ರವೊಂದು ಗುಜರಿ ಸೇರಿ, ಅದರ ಸೀಸಿಯಂ-137 ಪುಡಿ ಮನೆಗಳಿಗೆ ಹಂಚಿಹೋಯಿತು. ನಾಲ್ವರು ಸತ್ತರು.

ಒಳಸೇರುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 2009ರ ನವೆಂಬರಿನಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರೈಟಿಯಂ (ವಿಕಿರಣಶೀಲ ಹೈಡ್ರೋಜನ್) ಇದ್ದ ಭಾರಜಲ ಸೇರಿದ್ದು ಕೆಲಸಗಾರರ ಮೂತ್ರ ಪರೀಕ್ಷೆಯಿಂದ ಗೊತ್ತಾಯಿತು. ಟ್ರೈಟಿಯಂ ಸೂಸುವ ಬೀಟಾ ಕಣದ ಶಕ್ತಿ ಹೆಚ್ಚೆಂದರೆ 18.6 ಕಿಲೋ ಎಲೆಕ್ಟ್ರಾನ್ ವೋಲ್ಟ್. ಚರ್ಮದ ಮೇಲಿನ ಸತ್ತ ಪದರವನ್ನೂ ಅದು ದಾಟದು. ಆದರೆ ಕುಡಿದರೆ ನೀರು ಹೋದಲ್ಲೆಲ್ಲ ಹೋಗುತ್ತದೆ. ಅದರ ಅರ್ಧಾಯು 12.3 ವರ್ಷ, ಆದರೂ ಸುಮಾರು 10 ದಿನಕ್ಕೆ ಅರ್ಧದಷ್ಟು ಮೈಯಿಂದ ಹೊರಬೀಳುತ್ತದೆ. ಹೆಚ್ಚು ನೀರು ಕುಡಿಸಿದರೆ ಇನ್ನೂ ಬೇಗ.

ಇದೇ ಕಾರಣಕ್ಕೆ ಕರಡಿನಲ್ಲಿ ‘ಆಲ್ಫಾ ದುರ್ಬಲ ವಿಕಿರಣ’ ಎಂದಿದ್ದರೆ ತೆಗೆಯಿರಿ. ‘ದೂರ ಸಾಗದು’ ಎನ್ನಿ. ಗಾಳಿಯಲ್ಲಿ ಅದು ಕೆಲವೇ ಸೆಂಟಿಮೀಟರ್ ಹೋಗುತ್ತದೆ, ಒಂದು ಹಾಳೆ ಕಾಗದ ಅದನ್ನು ತಡೆಯುತ್ತದೆ. ಆಲ್ಫಾ ಸೂಸುವ ವಸ್ತು ಶ್ವಾಸಕೋಶದಲ್ಲಿ ಕುಳಿತಿತೋ, ಶಕ್ತಿಯನ್ನೆಲ್ಲ ಅಕ್ಕಪಕ್ಕದ ಕೆಲವೇ ಜೀವಕೋಶಗಳ ಮೇಲೆ ಸುರಿಯುತ್ತದೆ. ಮೈ ಹೀರಿದ ಶಕ್ತಿಯ ಮಾನ ಗ್ರೇ. ಹೀರಿದ್ದು ಅದೇ 1 ಗ್ರೇ ಆದರೂ ಹಾನಿಯ ಲೆಕ್ಕದಲ್ಲಿ ಗಾಮಾಕ್ಕೆ ತೂಕ 1, ಆಲ್ಫಾಕ್ಕೆ 20. ಸೀವರ್ಟ್ ಎಂಬ ಬೇರೆ ಮಾನ ಬಂದದ್ದೇ ಈ ತೂಕ ಸೇರಿಸಿ ಹೇಳಲು. ಗ್ರೇ, ಸೀವರ್ಟ್‌ಗಳನ್ನು ಅನುವಾದಿಸಬೇಡಿ, ಅದಲುಬದಲು ಮಾಡಲೂ ಬೇಡಿ.

ಪದ ಬೇರೆಯಾದರೆ ತುರ್ತು ವಿಭಾಗದ ಕೆಲಸವೂ ಬೇರೆಯಾಗುತ್ತದೆ. ಕಿರಣ ಮಾತ್ರ ಬಿದ್ದವರಿಗೆ ಸ್ನಾನ ಮಾಡಿಸಿ ಪ್ರಯೋಜನವಿಲ್ಲ. ವಾಂತಿ ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಬರೆದಿಟ್ಟುಕೊಂಡು, ಮೊದಲ ಎರಡು ದಿನ ಕೆಲವು ಗಂಟೆಗೊಮ್ಮೆ ರಕ್ತ ತೆಗೆದು ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಎಣಿಸಬೇಕು. ಎಣಿಕೆ ಬೇಗ ಕುಸಿದಷ್ಟೂ ಡೋಸ್ ಹೆಚ್ಚು. ವಸ್ತು ಅಂಟಿದವರ ಮೇಲುಡುಪನ್ನು ಪುಡಿ ಹಾರದಂತೆ ಮೆಲ್ಲಗೆ ಕಳಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಅಂಟಿದ್ದರಲ್ಲಿ ಹೆಚ್ಚಿನ ಪಾಲು ಅಷ್ಟಕ್ಕೇ ಹೋಗುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರು, ಸೋಪು. ಗಸಗಸ ಉಜ್ಜಿದರೆ ಚರ್ಮ ತರಚಿ ಹೊರಗಿದ್ದದ್ದು ಒಳಗೆ ಹೋಗುತ್ತದೆ. ಪ್ರಾಣಾಪಾಯದ ಗಾಯವಿದ್ದರೆ ಮೊದಲು ಅದನ್ನು ನೋಡಬೇಕು, ತೊಳೆಯುವುದು ನಂತರ. ಒಳಸೇರಿದ್ದಕ್ಕೆ ವಸ್ತುವಿಗೆ ತಕ್ಕ ಮದ್ದು: ಸೀಸಿಯಂಗೆ ಪ್ರಷ್ಯನ್ ಬ್ಲೂ, ವಿಕಿರಣಶೀಲ ಅಯೋಡಿನ್‌ಗೆ ಪೊಟ್ಯಾಸಿಯಂ ಅಯೊಡೈಡ್. ಎರಡನೆಯದನ್ನು ‘ವಿಕಿರಣ ನಿರೋಧಕ ಮಾತ್ರೆ’ ಎಂದು ಎಲ್ಲಿಯೂ ಬರೆಯಬೇಡಿ. ಅದು ಕಾಯುವುದು ಥೈರಾಯಿಡ್ ಗ್ರಂಥಿಯನ್ನು ಮಾತ್ರ, ಅದೂ ಅಯೋಡಿನ್‌ನಿಂದ ಮಾತ್ರ.

ಇನ್ನು ‘ಸುಟ್ಟಗಾಯ’. ಚಿಕಿತ್ಸೆ ಸಿಗದಿದ್ದರೆ ಸುಮಾರು ಅರ್ಧದಷ್ಟು ಜನ ಸಾಯಬಹುದಾದ 4 ಗ್ರೇ ಇಡೀ ಮೈಮೇಲೆ ಬಿದ್ದರೂ ಮೈಬಿಸಿ ಏರುವುದು ಒಂದು ಡಿಗ್ರಿಯ ಸಾವಿರದಲ್ಲೊಂದು ಭಾಗದಷ್ಟು. ಇಲ್ಲಿ ಸುಡುವಂಥ ಬಿಸಿಯೇ ಇಲ್ಲ. ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಡಿಎನ್‌ಎ ಎಳೆಗಳು ತುಂಡಾಗುತ್ತವೆ, ಹೊಸ ಚರ್ಮ ಹುಟ್ಟಿಸುವ ಜೀವಕೋಶಗಳು ಸಾಯುತ್ತವೆ. ಮೊದಲ ದಿನ ಅಲ್ಪಸ್ವಲ್ಪ ಕೆಂಪಾಗಿ ಮಾಯವಾಗಬಹುದು. ನಿಜವಾದ ಕೆಂಪು, ಗುಳ್ಳೆ, ಸಿಪ್ಪೆ ಏಳುವುದು ವಾರಗಳ ಮೇಲೆ. ‘ಸುಟ್ಟಗಾಯ’ ಎಂದು ಓದಿದವರು ಗಾಯವನ್ನು ಆಗಲೇ ಹುಡುಕುತ್ತಾರೆ, ಕಾಣದಿದ್ದರೆ ಮನೆಗೆ ಕಳಿಸಿಬಿಡುತ್ತಾರೆ. ‘ವಿಕಿರಣದ ಚರ್ಮಗಾಯ’ ಎಂದು ಬರೆದು, ಪಕ್ಕದಲ್ಲೇ ‘ತಡವಾಗಿ ಕಾಣಿಸುತ್ತದೆ’ ಎಂದು ಸೇರಿಸಿ.