ಅಪ್‌ಡೇಟ್: ಬಾಗಲಕೋಟೆಗೆ ದತ್ತು ಬಂದ ಮುಧೋಳ ಮಿಶ್ರತಳಿ ನಾಯಿಮರಿ

ಆಶ್ರಯಕೇಂದ್ರದಿಂದ ತಂದ ನಾಲ್ಕು ತಿಂಗಳ ಮರಿ ಸಂಜೆಯಾದರೆ ಕೈಕಾಲು ಕಚ್ಚುತ್ತದೆ, ಇನ್ನಷ್ಟು ಓಡಿಸಬೇಕೇ ಎಂದು ಕೇಳಿದ್ದೆ. ಓಡಿಸಬೇಡಿ, ಮಲಗಿಸಿ ಎಂದವರ ಮಾತೇ ಖರೆ ಆಯಿತು. ತುಂಬಾ ಥ್ಯಾಂಕ್ಸ್.

ಈ ವಯಸ್ಸಿಗೆ ದಿನಕ್ಕೆ 16ರಿಂದ 18 ತಾಸು ನಿದ್ದೆ ಬೇಕು. ನಿದ್ದೆಗೆಟ್ಟ ಮರಿಯೇ ಹೆಚ್ಚು ಕಚ್ಚೋದು. ಈಗ ಒಂದು ತಾಸು ಆಟ, ಆಮೇಲೆ ಎರಡು ತಾಸು ತಂಪಾದ, ಮಬ್ಬು ಬೆಳಕಿನ ಕೋಣೆ. ಕಚ್ಚಿದಾಗ ಕೈ ಜಗ್ಗಬಾರದು, ಅದು ಆಟ ಅಂದುಕೊಳ್ಳುತ್ತದೆ. ಕೈ ಸಡಿಲಬಿಟ್ಟು, ಅರ್ಧ ನಿಮಿಷ ಎದ್ದು ಹೋಗಬೇಕು. ಹಾಲುಹಲ್ಲು ಬೀಳುವ ಕಾಲವಾದ್ದರಿಂದ ಒದ್ದೆ ಬಟ್ಟೆಗೆ ಗಂಟು ಹಾಕಿ ಫ್ರೀಜರಿನಲ್ಲಿಟ್ಟು, ಎದುರಿಗೆ ಕೂತು ಅಗಿಯಲು ಕೊಡುತ್ತೇವೆ.

ಕೊರಳಪಟ್ಟಿ ಮಾತ್ರ ಬದಲಿಸಲೇಬೇಕಾಯಿತು. ಮುಧೋಳದ ರಕ್ತವಿದ್ದರೆ ತಲೆ ಸಣ್ಣ, ಕುತ್ತಿಗೆ ಹೆಚ್ಚುಕಡಿಮೆ ಅಷ್ಟೇ ದಪ್ಪ. ಹಿಂದಕ್ಕೆ ಜಗ್ಗಿದರೆ ಸಾದಾ ಪಟ್ಟಿ ಜಾರುತ್ತದೆ. ಎರಡು ಬೆರಳು ಹಿಡಿಯುವಷ್ಟು ಬಿಗಿಯಾದ ಹಾರ್ನೆಸ್ (ಎದೆಗೆ ಸುತ್ತಿ ಕಟ್ಟುವ ಪಟ್ಟಿ) ಹಾಕಿ. ಬಯಲಲ್ಲಿ ಹಗ್ಗ ಬಿಚ್ಚಲೇಬೇಡಿ: ಕಣ್ಣಿಂದ ಬೇಟೆಯಾಡುವ ತಳಿ, ಬೆಕ್ಕು ಕಂಡರೆ ಕರೆದರೂ ತಿರುಗದು.

ಲಸಿಕೆ ಬಗ್ಗೆ ಕೇಳಿದವರಿಗೆ: ಪಾರ್ವೊ (ಮರಿಗಳ ಜೀವ ತೆಗೆಯಬಲ್ಲ ವಾಂತಿಭೇದಿ ರೋಗ) ಲಸಿಕೆಯ ಕೊನೆಯ ಡೋಸ್ 16 ವಾರ ತುಂಬಿದ ಮೇಲೇ ಆಗಬೇಕು. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಮೊದಲಿನ ಡೋಸುಗಳನ್ನು ಕೆಲಸ ಮಾಡಗೊಡದಿರಬಹುದು. ರೇಬಿಸ್ ಲಸಿಕೆ ಮೂರು ತಿಂಗಳಿಗೆ ಆಗಿದೆ, ವರ್ಷಕ್ಕೆ ಮತ್ತೆ ಹಾಕಿಸುತ್ತೇವೆ.