ಅಪ್‌ಡೇಟ್: ಕಾಫಿ ತೂಕದ ಪ್ರೋಗ್ರಾಂ, ಕ್ಯೂಟಿ ಲೈಸೆನ್ಸ್

ಹೋದ ತಿಂಗಳು ಕೇಳಿದ್ದೆ: ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಗಳಿಗೆ ತೂಕ, ಬಿಲ್ಲಿನ ಪ್ರೋಗ್ರಾಂ ಮಾಡಿ ಮಾರುತ್ತಿದ್ದೇನೆ, ಅದರಲ್ಲಿ ಕ್ಯೂಟಿ (ಪರದೆಯ ಕಿಟಕಿ, ಬಟನ್ ಮಾಡಲು ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಲೈಬ್ರರಿ ಇದೆ, ನನ್ನ ಸೋರ್ಸ್ ಕೋಡ್ ಕೊಡಲೇಬೇಕಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕ್ಯೂಟಿಯ ಮುಖ್ಯ ಭಾಗಗಳು ಎಲ್‌ಜಿಪಿಎಲ್ 3 ಅನ್ನುವ ಸ್ವಲ್ಪ ಸಡಿಲವಾದ ಮುಕ್ತ ಲೈಸೆನ್ಸಿನಲ್ಲಿ ಸಿಗುತ್ತವೆ. ನನ್ನ ಕೋಡ್ ನನ್ನ ಹತ್ತಿರವೇ ಇರಬಹುದು, ಆದರೆ ಗಿರಾಕಿ ಬೇಕೆಂದಾಗ ಲೈಬ್ರರಿಯನ್ನು ಬದಲಿಸಿಕೊಳ್ಳುವಂತಿರಬೇಕು. ನಾನು ಒಂದೇ ಫೈಲ್ ಸಾಕು ಅಂತ ಸುಮ್ನೆ ಸ್ಟ್ಯಾಟಿಕ್ ಲಿಂಕ್ ಮಾಡಿದ್ದೆ, ಅಂದರೆ ಲೈಬ್ರರಿಯನ್ನು ನನ್ನ ಪ್ರೋಗ್ರಾಂ ಫೈಲಿನೊಳಗೇ ಸೇರಿಸಿದ್ದೆ. ಹಾಗೆ ಮಾಡಿದರೆ ಮತ್ತೆ ಲಿಂಕ್ ಮಾಡಿಕೊಳ್ಳಲು ನನ್ನ ಕೋಡಿನ ಆಬ್ಜೆಕ್ಟ್ ಫೈಲುಗಳನ್ನೂ (ಕಂಪೈಲ್ ಆದ ತುಂಡುಗಳು) ಕೊಡಬೇಕು. ಈಗ ಡಿಎಲ್‌ಎಲ್‌ಗಳು, ಅಂದರೆ ಲೈಬ್ರರಿಯ ಫೈಲುಗಳು, ಬೇರೆಯಾಗಿವೆ. ಪೆನ್‌ಡ್ರೈವ್‌ನಲ್ಲಿ ಲೈಸೆನ್ಸ್ ಪ್ರತಿ, ಕ್ಯೂಟಿಯ ಸೋರ್ಸ್ ಎರಡೂ ಇವೆ.

ನಿಜವಾದ ತೊಡಕು ಬೇರೆ ಕಡೆ ಇತ್ತು. ರೋಬಸ್ಟಾ ಚೆರ್ರಿ ದರದ ಗ್ರಾಫ್‌ಗೆ ಕ್ಯೂಟಿ ಚಾರ್ಟ್ಸ್ ಹಾಕಿದ್ದೆ. ಹೆಸರಲ್ಲಿ ಕ್ಯೂಟಿ ಇದೆ, ಎಲ್ಲಾ ಒಂದೇ ಅಂದುಕೊಂಡಿದ್ದೆ. ಅದು ಜಿಪಿಎಲ್ 3 (ಸೇರಿಸಿ ಹಂಚಿದರೆ ನನ್ನ ಕೋಡನ್ನೂ ಕೊಡಬೇಕು ಅನ್ನುವ ಲೈಸೆನ್ಸ್), ಇಲ್ಲವೇ ದುಡ್ಡು ಕೊಟ್ಟು ಕೊಳ್ಳುವ ಲೈಸೆನ್ಸ್! ಡೈನಾಮಿಕ್ ಲಿಂಕ್ ಮಾಡಿದರೂ, ಅಂದರೆ ಬೇರೆ ಫೈಲಾಗಿ ಇಟ್ಟರೂ, ಜಿಪಿಎಲ್‌ನಿಂದ ತಪ್ಪಿಸಿಕೊಳ್ಳಲು ಆಗಲ್ಲ ಅನ್ನುವುದೇ ಆ ಲೈಸೆನ್ಸ್ ಬರೆದವರ ನಿಲುವು. ಹಾಗಾಗಿ ಚಾರ್ಟ್ಸನ್ನು ತೆಗೆದುಹಾಕಿದೆ. ಕ್ಯೂಟಿಯ ಮುಖ್ಯ ಭಾಗದಲ್ಲೇ ಇರುವ, ಚಿತ್ರ ಬಿಡಿಸುವ ಕ್ಯೂಪೇಂಟರ್ ಹಿಡಿದು ಗೆರೆಗಳನ್ನು ನಾನೇ ಎಳೆದೆ. ಎರಡು ರಾತ್ರಿ ಹಿಡಿಯಿತು, ಆದರೆ ಬೇರೆಯವರು ಹಂಚಿದ ಕೆಲಸಕ್ಕೆ ಅವರ ಮಾತಿನಂತೆ ನಡೆಯಬೇಕು ಅಲ್ವಾ.

ಹಳೇ ಪ್ರತಿ ಕೊಂಡ ಮೂವರಿಗೆ ಹೊಸದು ಹಾಕಿಕೊಟ್ಟೆ. ಮೂಡಿಗೆರೆಯ ಒಂದು ಅಂಗಡಿ ಬಾಕಿ, ಸೋಮವಾರ ಹೋಗುತ್ತೇನೆ.